ಟಾರೆಣ್ಣೆ ಕುಡಿದ ಮಣ್ಣು

ನನಗೊಂದು ಕೆಟ್ಟ ಗುಣವಿದೆ. ಒಂದು ಕೆಲಸ ಆಗುವುದಿಲ್ಲ ಎಂದು ಯಾರಾದರೂ ಸಿಟ್ಟಿನಿಂದ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಗುತ್ತಾ ಹೇಳಿದರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಮೈಸೂರಿನ ಅಂಚಿನ ಆ ಹಳೆಯ ಕಂಬದ ಯಾರ್ಡಿಗೆ ಮೊದಲ ಸಲ ಹೋದ ದಿನ ಅದರ ಯಜಮಾನರು ನೇಮಿಸಿದ್ದ ಎಂಜಿನಿಯರ್ ನಕ್ಕಿದ್ದರು.

"ಅಣಬೆನಾ ಮೇಡಂ? ಈ ಮಣ್ಣಿಗಾ? ಸೂಪ್ ಮಾಡೋಕಾದ್ರೆ ಸರಿ."

ಯಾರ್ಡಿನ ಯಜಮಾನರೂ ಜೊತೆಗೆ ನಕ್ಕರು. ನಾನು ನಗಲಿಲ್ಲ. ನಗುವ ಸ್ಥಿತಿಯಲ್ಲಿ ಆ ಮಣ್ಣೂ ಇರಲಿಲ್ಲ.

ಹಿಂದೆ ಅಲ್ಲಿ ಮರದ ವಿದ್ಯುತ್ ಕಂಬಗಳನ್ನೂ ರೈಲು ಹಳಿಯ ಕೆಳಗೆ ಹಾಸುವ ಸ್ಲೀಪರ್ ದಿಮ್ಮಿಗಳನ್ನೂ ಟಾರೆಣ್ಣೆಯಲ್ಲಿ ನೆನೆಸುತ್ತಿದ್ದರು. ಕಲ್ಲಿದ್ದಲಿನ ಟಾರಿನಿಂದ ಇಳಿಸಿದ ಕಪ್ಪು ಎಣ್ಣೆ ಅದು. ಹುಳ ಹಿಡಿಯಬಾರದು, ಗೆದ್ದಲು ಮುಟ್ಟಬಾರದು ಎಂದು ಮರಕ್ಕೆ ಕುಡಿಸುತ್ತಿದ್ದರು. ಮರ ಕುಡಿದಷ್ಟೇ ನೆಲವೂ ಕುಡಿಯಿತು. ಕಂಬ, ಸ್ಲೀಪರ್ ಎಲ್ಲ ಕಾಂಕ್ರೀಟಿಗೆ ತಿರುಗಿದ ಮೇಲೆ ಯಾರ್ಡ್ ಮುಚ್ಚಿತು, ಎಣ್ಣೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಗೇಟು ದಾಟಿದರೆ ಸಾಕು, ಬೀರುವಿನಲ್ಲಿಡುವ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಮೂಲೆಯಲ್ಲೊಂದು ಬಾವಿಯಿತ್ತು. ಅದರ ನೀರಿನ ಮೇಲೆ ಬಣ್ಣಬಣ್ಣದ ಪೊರೆ ತೇಲುತ್ತಿತ್ತು. ಕಾಗೆ ಕೂಡ ಅದರ ಹತ್ತಿರ ಬರುತ್ತಿರಲಿಲ್ಲ.

ಯಜಮಾನರಿಗೆ ಆ ಜಾಗ ತಂದೆಯಿಂದ ಬಂದದ್ದು. ಸುತ್ತ ಬಡಾವಣೆಗಳು ಎದ್ದಿದ್ದವು, ಇದನ್ನೂ ಸೈಟು ಮಾಡಿ ಮಾರುವ ಆತುರ ಅವರಿಗೆ. ಆದರೆ ಪರಿಸರ ಕಚೇರಿಯ ಅಧಿಕಾರಿ ಒಂದು ಷರತ್ತು ಹಾಕಿ ಕೂತಿದ್ದರು. ವಿಷದ ಮಣ್ಣನ್ನು ಮೊದಲು ಅಲ್ಲೇ ಶುದ್ಧ ಮಾಡಲು ಪ್ರಯತ್ನಿಸಬೇಕು. ಆಗಲೇ ಇಲ್ಲವೆಂದು ಆ ಕೆಲಸ ಮಾಡಿದವರೇ ಬರೆದುಕೊಟ್ಟರೆ ಮಾತ್ರ ಬೇರೆ ದಾರಿ ನೋಡಬಹುದು. ಆ ಬೇರೆ ದಾರಿಯನ್ನು ಎಂಜಿನಿಯರ್ ಮೊದಲೇ ಹುಡುಕಿಟ್ಟಿದ್ದರು. ಊರಾಚೆ ಒಂದು ಹಳ್ಳಿಯ ಪಕ್ಕದ, ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿಯ ಗುಂಡಿ. ಲಾರಿಯಲ್ಲಿ ತುಂಬಿ ಅಲ್ಲಿ ಸುರಿದು, ಮೇಲೆ ಕೆಂಪು ಮಣ್ಣು ಹರಡಿದರೆ ಮುಗಿಯಿತು. ದಟ್ಟಗಳ್ಳಿಯ ನಮ್ಮ ಮನೆಯ ಮಹಡಿಯ ಮೇಲೆ ರೈತರಿಗೆ ಚಿಪ್ಪಣಬೆಯ ಬೀಜ ಮಾಡಿಕೊಡುವ ನನ್ನನ್ನು ಅವರು ಕರೆದದ್ದು ಏಕೆಂದು ತಿಳಿಯಲು ಬಹಳ ಬುದ್ಧಿ ಬೇಕಿರಲಿಲ್ಲ. ಬೇಗ ಸೋತು, ಬೇಗ ಸಹಿ ಹಾಕುವವರು ಅವರಿಗೆ ಬೇಕಾಗಿತ್ತು.

ಕೆಲಸಕ್ಕೆ ಹೆಂಗಸರ ಒಂದು ಗುಂಪು ಬಂತು. ಅವರ ಮೇಸ್ತ್ರಿ ನನಗಿಂತ ಹಿರಿಯ ಹೆಂಗಸು, ಮಾತು ಜೋರು, ಕೆಲಸ ಅದಕ್ಕಿಂತ ಜೋರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಗವಸು, ಬೂಟು ಹಾಕಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗಿತ್ತು. "ಕೈಗೆ ಚೀಲ ಕಟ್ಕಂಡು ಯಾವ ಕೆಲ್ಸ ಮಾಡದು ಮೇಡಮ್ಮೋರೆ, ಬುಡಿ" ಎಂದು ಅವರು ಗವಸನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಗುಂಡಿಯ ವಿಷಯ ಮಾತಿನಲ್ಲಿ ಬಂದ ದಿನ ಮಾತ್ರ ಅವರು ಸನಿಕೆಯನ್ನು ನೆಲಕ್ಕೆ ಊರಿ ನಿಂತುಬಿಟ್ಟರು.

"ಯಾವ ಗುಂಡಿ? ಈಚಲ ಮರ ಐತಲ್ಲ, ಆ ಕ್ವಾರೀನಾ? ಅಯ್ಯೋ, ಅದು ನಮ್ಮೂರ್ದು ಕಣ್ ಮೇಡಂ! ಅದರ ದಡದಾಗೇ ನಮ್ ಬೋರು. ಇಡೀ ಊರು ಅದ್ನೇ ಕುಡಿಯಾದು."

ಆಮೇಲೆ ಅವರು ಯಾರೂ ಹೇಳದೆಯೇ ಗವಸು ಹಾಕಿಕೊಂಡರು. ಅಲ್ಲಿಯವರೆಗೆ ನನಗೆ ಅದು ಹಟದ ಕೆಲಸವಾಗಿತ್ತು. ಅಲ್ಲಿಂದಾಚೆಗೆ ಒಂದು ಊರಿನ ಕುಡಿಯುವ ನೀರು ಕಣ್ಣ ಮುಂದೆ ಇತ್ತು.

ಅಣಬೆ ಈ ಕೆಲಸ ಹೇಗೆ ಮಾಡುತ್ತದೆಂದು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಾವು ಕೊಡೆಯಂತೆ ನೋಡುವುದು ಅಣಬೆಯ ಹೂವು ಮಾತ್ರ. ಅದರ ಮೈ ಇರುವುದು ಒಳಗೆ, ನೂಲಿನಂಥ ಬಿಳಿ ಎಳೆಗಳಲ್ಲಿ. ನಾವು ತಿಂದು ಅರಗಿಸಿಕೊಂಡರೆ, ಅದು ಅರಗಿಸಿಕೊಂಡು ತಿನ್ನುತ್ತದೆ. ತನ್ನ ರಸವನ್ನು ಹೊರಗೆ ಬಿಟ್ಟು, ಎದುರಿಗಿರುವ ಮರವನ್ನು ಕರಗಿಸಿ, ಆಮೇಲೆ ಹೀರುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುವ ತಾಕತ್ತು ಕೆಲವೇ ಅಣಬೆಗಳಿಗಿದೆ. ಟಾರೆಣ್ಣೆಯ ವಿಷವೂ ಲಿಗ್ನಿನ್ನಿನಂತೆ ಉಂಗುರಕ್ಕೆ ಉಂಗುರ ಬೆಸೆದ ಕಣಗಳದ್ದೇ. ಕಡಿಮೆ ಉಂಗುರದವು ಬೇಗ ಒಡೆಯುತ್ತವೆ, ಹೆಚ್ಚು ಉಂಗುರದವು ಸತಾಯಿಸುತ್ತವೆ. ಮರ ಎಂದುಕೊಂಡು ಅಣಬೆ ವಿಷವನ್ನೂ ಕಡಿಯುತ್ತದೆ. ನಾವು ಅದಕ್ಕೆ ಊಟ, ನೀರು, ಗಾಳಿ, ನೆರಳು ಕೊಟ್ಟು ಕಾಯಬೇಕು, ಅಷ್ಟೆ.

ಜೆಸಿಬಿ ಬಂದು ಎಣ್ಣೆ ಇಳಿದಿದ್ದ ಮಣ್ಣನ್ನೆಲ್ಲ ಅಗೆಯಿತು. ಹೆಂಗಸರು ದೊಡ್ಡ ಜರಡಿಯಲ್ಲಿ ಅದನ್ನು ಸೋಸಿ ಕಲ್ಲು, ಕಬ್ಬಿಣ ಬೇರೆ ಮಾಡಿದರು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಶೀಟಿನ ಚಪ್ಪರ ಹಾಕಿದೆವು. ನಾನು ಮನೆಯಲ್ಲಿ ಬಿಳಿಜೋಳ ಬೇಯಿಸಿ, ಆರಿಸಿ, ಚೀಲಕ್ಕೆ ತುಂಬಿ, ಒತ್ತಡದ ಹಬೆಯಲ್ಲಿ ಶುದ್ಧ ಮಾಡಿ, ಚಿಪ್ಪಣಬೆಯ ಎಳೆ ಬಿಟ್ಟೆ. ಜೋಳದ ಪ್ರತಿ ಕಾಳೂ ಹತ್ತಿಯಂತೆ ಬೆಳ್ಳಗಾದ ಮೇಲೆ ಅದು ಬೀಜ. ಯಾರ್ಡಿನ ಸಿಮೆಂಟ್ ತೊಟ್ಟಿಯಲ್ಲಿ ಭತ್ತದ ಹುಲ್ಲು ನೆನೆಸಿ, ಡ್ರಮ್ಮಿನಲ್ಲಿ ಬಿಸಿನೀರು ಕೊಟ್ಟು, ಬಸಿದು, ಬೀಜ ಬೆರೆಸಿ, ಒಂದು ಪದರ ಹುಲ್ಲು ಒಂದು ಪದರ ಮಣ್ಣು ಎಂದು ಗುಡ್ಡೆ ಕಟ್ಟಿದೆವು. ಮೇಲೆ ಒದ್ದೆ ಗೋಣಿಚೀಲ ಮುಚ್ಚಿದೆವು. ಪಕ್ಕದಲ್ಲಿ ಒಂದು ಪುಟ್ಟ ಗುಡ್ಡೆಯನ್ನೂ ಮಾಡಿಸಿದೆ. ಅದೇ ಹುಲ್ಲು, ಅದೇ ಬೀಜ, ಮಣ್ಣು ಮಾತ್ರ ನಮ್ಮ ಹಿತ್ತಲಿನ ಒಳ್ಳೆಯ ಮಣ್ಣು.

"ಇದು ಯಾಕೆ ಮೇಡಂ, ದೃಷ್ಟಿಗೆ ಬೊಂಬೇನಾ?" ಎಂದು ಎಂಜಿನಿಯರ್ ಮತ್ತೆ ನಕ್ಕರು.

ಹುಲ್ಲು ನೆನೆಸಿ ಗುಡ್ಡೆ ಕಟ್ಟಿದ್ದು ದಸರೆ ಮುಗಿದ ಕೂಡಲೇ. ಹಿಂದಿನ ದಿನಗಳ ಸಡಗರ ಇನ್ನೂ ಯಾರ್ಡಿನಲ್ಲಿ ಉಳಿದಿತ್ತು. ಆಯುಧ ಪೂಜೆಗೆ ಹೆಂಗಸರು ಜೆಸಿಬಿಗೆ ಬಾಳೆಕಂದು ಕಟ್ಟಿ, ಸನಿಕೆ, ಜರಡಿ, ನನ್ನ ನೀರಿನ ಪಂಪಿಗೂ ಅರಿಶಿನ ಕುಂಕುಮ ಹಚ್ಚಿ, ಗೇಟಿನಲ್ಲಿ ಬೂದುಗುಂಬಳ ಒಡೆದಿದ್ದರು. ಸಂಜೆ ಹೋದ ನನಗೆ ಪುರಿ, ಬಾಳೆಹಣ್ಣು, ಸಿಹಿ ಸಿಕ್ಕಿತ್ತು. ತೊಟ್ಟಿ ಸಹ ಎಂದೂ ಇಲ್ಲದಷ್ಟು ಲಕಲಕ ಹೊಳೆಯುತ್ತಿತ್ತು.

ಗುಡ್ಡೆ ಕಟ್ಟಿದ ಮೇಲೆ ಕಾಯುವುದೇ ಕೆಲಸ. ದಿನಾ ಗೋಣಿ ಎತ್ತಿ ನೋಡುತ್ತಿದ್ದೆ. ಜೋಳದ ಕಾಳು ಹಾಕಿದ ಹಾಗೇ ಕೂತಿತ್ತು. ಎಳೆ ಹೊರಗೆ ಚಾಚಲೇ ಇಲ್ಲ. ಬರಬರುತ್ತಾ ಕಾಳಿನ ಬಿಳುಪೂ ಮಾಸಿತು. ಒಂದು ಬೆಳಿಗ್ಗೆ ಗೋಣಿ ಎತ್ತಿದರೆ ಗುಡ್ಡೆಯ ಹೆಗಲೆಲ್ಲ ಹಸಿರು ಬೂಷ್ಟು. ಅಣಬೆ ಬೆಳೆಸುವವರಿಗೆ ಆ ಹಸಿರು ಕಂಡರೆ ಬೆಳೆ ಕೈಬಿಟ್ಟಿತೆಂದೇ ಲೆಕ್ಕ. ನನಗೆ ಅಲ್ಲೇ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಸುದ್ದಿ ಯಜಮಾನರಿಗೆ ಹೇಗೋ ಮುಟ್ಟಿತು. ಅಂದೇ ಎಂಜಿನಿಯರನ್ನು ಕರೆದುಕೊಂಡು ಬಂದರು. ಎಂಜಿನಿಯರ್ ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿದರು. ಸ್ಥಳದಲ್ಲೇ ಅಣಬೆಯಿಂದ ಮಣ್ಣು ಶುದ್ಧ ಮಾಡುವ ಪ್ರಯತ್ನ ವಿಫಲವಾಗಿದೆ ಎಂದು ಆಗಲೇ ಟೈಪಾಗಿತ್ತು.

"ನಿಮ್ದೇನೂ ತಪ್ಪಿಲ್ಲ ಮೇಡಂ. ವಿಷ ಅಂದ್ರೆ ವಿಷಾನೇ. ಪಾಪ, ಅಣಬೆ ಏನ್ಮಾಡುತ್ತೆ? ಇಲ್ಲೊಂದು ಸಹಿ ಹಾಕ್ಬಿಡಿ, ಎಲ್ರಿಗೂ ನೆಮ್ಮದಿ."

ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದುಕೊಟ್ಟರು. ಆ ಮರ್ಯಾದೆಯೇ ನನ್ನನ್ನು ಎಚ್ಚರಿಸಿತು. ಪೆನ್ನು ಬಿಟ್ಟು ಪುಟ್ಟ ಗುಡ್ಡೆಯ ಹತ್ತಿರ ಹೋಗಿ ಗೋಣಿ ಎತ್ತಿದೆ. ಅಲ್ಲೂ ಹಸಿರು. ಅಲ್ಲೂ ಒಂದು ಎಳೆಯಿಲ್ಲ.

"ಸಾರ್, ಇಲ್ಲಿರೋದು ನಮ್ಮ ಮನೆ ಹಿತ್ತಲ ಮಣ್ಣು. ಬದನೆಕಾಯಿ ಬೆಳೆಯೋ ಮಣ್ಣು. ಟಾರೆಣ್ಣೆ ಕೊಂದಿದ್ರೆ ಇಲ್ಲಿ ಯಾಕೆ ಸತ್ತಿದೆ?"

ನಾನು ಮೇಸ್ತ್ರಿಯನ್ನು ಕರೆದು, ಹುಲ್ಲು ನೆನೆಸಿದ್ದು ಯಾವ ನೀರಿನಲ್ಲಿ, ತೊಟ್ಟಿಗೆ ಏನಾದರೂ ಬಿದ್ದಿತ್ತೇ ಎಂದು ಕೇಳಿದೆ.

"ಟ್ಯಾಂಕರ್ ನೀರೇಯ, ಏನ್ ಬಿದ್ದಿಲ್ಲ ಮೇಡಮ್ಮೋರೆ. ಹಬ್ಬಕ್ಕೆ ಚೆಂದಾಗಿ ತೊಳ್ದಿದ್ವಲ್ಲ. ತಾಯಿ ಪೂಜೆ, ಗಲೀಜು ಇಟ್ಕಂಡು ಮಾಡಕಾಯ್ತದಾ? ಕರಿ ಫಿನಾಯಿಲ್ ಬಾಟ್ಲಿ ಬಾಟ್ಲಿನೇ ಸುರ್ದು, ಒಂದಿನ ಅಂಗೇ ನೆನೆ ಆಕಿ, ಉಜ್ಬುಟ್ಟು ತೊಳ್ದ್ವಿ."

ನಾನು ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟೆ. ಮೈಸೂರಿನಲ್ಲಿ ಆಯುಧ ಪೂಜೆಗೆ ಮುಂಚೆ ತೊಳೆಯದ ವಸ್ತುವಿದೆಯೇ? ಸೈಕಲ್ಲಿನಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಎಲ್ಲವೂ ಅಂದು ಮೀಯುತ್ತದೆ. ಒರಟು ಸಿಮೆಂಟು ಫಿನಾಯಿಲನ್ನು ಹೀರಿ ಇಟ್ಟುಕೊಂಡಿತ್ತು, ಆಮೇಲೆ ಹುಲ್ಲಿಗೆ ನಿಧಾನವಾಗಿ ಬಿಟ್ಟುಕೊಟ್ಟಿತ್ತು. ಕ್ರಿಮಿ ಕೊಲ್ಲುವ ಅದು ಅಣಬೆಯ ಎಳೆಯನ್ನೂ ಕೊಂದಿತ್ತು. ಬೇರೆ ಎಲ್ಲಾದರೂ ಆಗಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಆದರೆ ಕರಿ ಫಿನಾಯಿಲೂ ಟಾರಿನ ಮನೆತನದ್ದೇ. ಯಾರ್ಡೆಲ್ಲ ಅದೇ ವಾಸನೆ ತುಂಬಿದ್ದಾಗ ಯಾರ ಮೂಗಿಗೆ ತಾನೇ ಹೊಳೆಯಬೇಕು? ಬೂಷ್ಟು ಮೊಂಡು ಜಾತಿ. ಫಿನಾಯಿಲಿನ ಕಾವು ಇಳಿದ ಮೇಲೆ ಖಾಲಿ ಮನೆ ಸಿಕ್ಕಿತೆಂದು ನುಗ್ಗಿತ್ತು.

ವಿಷಯ ಅರ್ಥವಾದಾಗ ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಸೆರಗು ಬಾಯಿಗೆ ಹಿಡಿದುಕೊಂಡು, "ನಮ್ಮೂರ್ ಬಾಯಿಗೆ ನಾನೇ ಮಣ್ಣಾಕ್ಬುಟ್ನಾ ಮೇಡಂ?" ಎಂದರು.

"ಇಲ್ಲ ಅಕ್ಕ. ಸತ್ತಿರೋದು ಒಂದು ಸಲದ ಬೀಜ. ನನ್ನ ಹತ್ರ ಇನ್ನೂ ಇದೆ."

"ಕಾರಣ ಏನಾದ್ರೂ ಆಗ್ಲಿ ಮೇಡಂ, ಫೇಲ್ ಅಂದ್ರೆ ಫೇಲೇ ಅಲ್ವಾ?" ಎಂದು ಎಂಜಿನಿಯರ್ ಕಾಗದ ಮುಂದೆ ತಳ್ಳಿದರು.

"ಸಾರಿಗೆ ಉಪ್ಪಿನ ಬದಲು ಸೋಪಿನ ಪುಡಿ ಹಾಕ್ಬಿಟ್ಟು, ಬೇಳೇನೇ ಸರಿಯಿಲ್ಲ ಅಂತ ಬರ್ದುಕೊಡ್ತೀರಾ ಸಾರ್? ನಾನು ಸಹಿ ಹಾಕಲ್ಲ."

ಯಜಮಾನರಿಗೆ ಸಿಟ್ಟು ಬಂತು. ಯುಗಾದಿಯವರೆಗೆ ಬಿಡುತ್ತೇನೆ, ಅಷ್ಟರೊಳಗೆ ಆಗದಿದ್ದರೆ ಸಹಿ ಹಾಕುವವರು ಮೈಸೂರಿನಲ್ಲಿ ಬೇರೆ ಸಿಗುತ್ತಾರೆ, ಲಾರಿ ತಾನಾಗಿ ಬರುತ್ತದೆ ಎಂದರು. ಅವರ ಸಿಟ್ಟು ನನಗೆ ಇಷ್ಟವಾಯಿತು. ಕೊನೆಗೂ ಯಾರೋ ನಗದೆ ಮಾತಾಡಿದ್ದರು.

ಎರಡನೇ ಸಲ ತೊಟ್ಟಿಯನ್ನು ಮುಟ್ಟಲಿಲ್ಲ. ಹೊಸ ಡ್ರಮ್ಮು ತರಿಸಿದೆವು. ಹುಲ್ಲು ನೆನೆಯುವಾಗ ಮೇಸ್ತ್ರಿ ಡ್ರಮ್ಮಿನ ಪಕ್ಕ ಕಾವಲುಗಾರ್ತಿಯಂತೆ ಕೂತಿರುತ್ತಿದ್ದರು. ಹೆಂಗಸರು ಕೈ ತೊಳೆದ ಸೋಪಿನ ನೀರನ್ನು ಸಹ ಅತ್ತ ಚೆಲ್ಲಲು ಬಿಡುತ್ತಿರಲಿಲ್ಲ.

ಅದೇ ಹೊತ್ತಿಗೆ ನನಗೊಂದು ವಸ್ತು ಸಿಕ್ಕಿತು. ಗೋಡೆ ಬದಿಯಲ್ಲಿ ಬಿದ್ದಿದ್ದ ಹಳೇ ಸ್ಲೀಪರ್ ದಿಮ್ಮಿಯೊಂದನ್ನು ದಾರಿಗೆ ಅಡ್ಡವೆಂದು ಮಗುಚಿಸಿದಾಗ, ಅದರ ಅಡಿಯಲ್ಲಿ ಬೀಸಣಿಗೆಯಂತೆ ಹರಡಿದ, ಪಟ್ಟೆಪಟ್ಟೆಯ, ಚರ್ಮದಂತೆ ಗಡುಸಾದ ಅಣಬೆ ಸಾಲಾಗಿ ಅಂಟಿಕೊಂಡಿತ್ತು. ಯಾವ ಎಣ್ಣೆಯನ್ನು ಅಣಬೆ ಬರಬಾರದೆಂದೇ ಮರಕ್ಕೆ ಕುಡಿಸಿದ್ದರೋ, ಆ ಎಣ್ಣೆಯ ಮೇಲೇ ಕೂತು ಅದು ಸಂಸಾರ ಹೂಡಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನಂಥದೇ ಒಂದು ಮೊಂಡು ಜೀವ ಆ ಯಾರ್ಡಿನಲ್ಲಿ ಮೊದಲೇ ಇತ್ತು! ಒಂದು ಚೂರು ಕತ್ತರಿಸಿ ಮನೆಗೆ ತಂದು, ಗಾಜಿನ ತಟ್ಟೆಯಲ್ಲಿ ಯಾರ್ಡಿನ ಎಣ್ಣೆ ಬೆರೆಸಿದ ಮೇವಿನ ಮೇಲೆ ಬಿಟ್ಟೆ. ನಿಧಾನವಾಗಿ, ಆದರೆ ನಿಲ್ಲದೆ, ಎಳೆ ಚಾಚಿತು.

ಹೊಸ ಗುಡ್ಡೆಯನ್ನು ಎರಡು ಪಾಲು ಮಾಡಿ ಕಟ್ಟಿದೆ. ಒಂದಕ್ಕೆ ಚಿಪ್ಪಣಬೆ, ಇನ್ನೊಂದಕ್ಕೆ ದಿಮ್ಮಿಯ ಅಣಬೆ. ಚಳಿ ಶುರುವಾಗಿತ್ತು. ಚಿಪ್ಪಣಬೆಯ ಪಾಲು ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು. ಗೋಣಿ ಸರಿಸಿದರೆ ದೋಸೆಹಿಟ್ಟಿನ ಬಿಳುಪು. ಹೆಂಗಸರು ಕುಣಿದಾಡುವುದೊಂದು ಬಾಕಿ. ದಿಮ್ಮಿಯ ಅಣಬೆಯ ಪಾಲು ಮಾತ್ರ ಮಂಕಾಗಿ, ಅಲ್ಲಿಷ್ಟು ಇಲ್ಲಿಷ್ಟು ಬೂದು ತೇಪೆಯಾಗಿ ಕೂತಿತ್ತು. ಎಂಜಿನಿಯರ್ ಬಂದು, "ಮೇಡಂ, ಇದೊಂದು ಚೆನ್ನಾಗಿದೆ, ಆ ಸತ್ತಿರೋ ಪಾಲನ್ನ ತೆಗೆದುಹಾಕಿ" ಎಂದು ಮೊದಲ ಸಲ ಒಂದು ಒಳ್ಳೆಯ ಮಾತಾಡಿದರು.

ಸಂಕ್ರಾಂತಿ ಕಳೆದ ಮೇಲೆ ಎರಡೂ ಪಾಲಿನಿಂದ ಮಣ್ಣಿನ ಹೆಂಟೆ ತೆಗೆದು ಒಡೆದು ನೋಡಿದೆ. ಚಿಪ್ಪಣಬೆ ಹುಲ್ಲನ್ನೆಲ್ಲ ಆಳುತ್ತಿತ್ತು, ಆದರೆ ಎಣ್ಣೆ ಹಿಡಿದ ಹೆಂಟೆಯ ಸಿಪ್ಪೆ ಸವರಿ ಹಿಂದಿರುಗಿತ್ತು. ಒಳಗೆ ಇನ್ನೂ ಕಪ್ಪು, ಇನ್ನೂ ನಾತ. ದಿಮ್ಮಿಯ ಅಣಬೆಯ ಹೆಂಟೆಯನ್ನು ಒಡೆದಾಗ ನಟ್ಟನಡುವಿನವರೆಗೂ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆಗಳಿದ್ದವು, ಸುತ್ತಲಿನ ಮಣ್ಣು ಕಂದು ತಿರುಗಿತ್ತು. ಒಂದು ಹೊರಗೆ ಮೆರೆಯುತ್ತಿತ್ತು, ಇನ್ನೊಂದು ಒಳಗೆ ದುಡಿಯುತ್ತಿತ್ತು.

ಚೆನ್ನಾಗಿ ಕಾಣುವ ಪಾಲನ್ನು ಕೆಡವಿ, ಹೆಂಟೆ ಪುಡಿ ಮಾಡಿ, ದಿಮ್ಮಿಯ ಅಣಬೆ ಹಿಡಿದ ಹುಲ್ಲನ್ನು ಇಡೀ ಗುಡ್ಡೆಗೆ ಬೆರೆಸಬೇಕೆಂದು ಅಲ್ಲೇ ನಿರ್ಧರಿಸಿದೆ. ಕೆದಕಿದರೆ ಎಳೆಗಳು ತುಂಡಾಗುತ್ತವೆ. ಮತ್ತೆ ಕೂಡಿಕೊಂಡರೆ ಸರಿ, ಇಲ್ಲದಿದ್ದರೆ ಹಸಿರು ಬೂಷ್ಟಿಗೆ ಹಬ್ಬ. ಯುಗಾದಿಯೊಳಗೆ ಮೂರನೇ ಗುಡ್ಡೆ ಕಟ್ಟಲು ಸಮಯವಿರಲಿಲ್ಲ.

"ಬೆಳ್ದಿರಾದ್ನ ಕೆಡವಾದಾ?" ಮೇಸ್ತ್ರಿ ಸನಿಕೆ ಹಿಡಿದು ನಿಂತರು. "ಎಂಗೆ ಮೇಡಂ? ಕೈ ಬರಕಿಲ್ಲ ನಂಗೆ."

ಹೆಂಟೆಯ ಎರಡು ಹೋಳುಗಳನ್ನು ಅವರ ಕೈಗೆ ಕೊಟ್ಟೆ. ಅವರು ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಗುಡ್ಡೆಗೆ ಮೊದಲ ಸನಿಕೆ ಹಾಕಿದವರು ಅವರೇ.

ಎಂಜಿನಿಯರ್ ಫೋನಿನಲ್ಲಿ ಕೂಗಾಡಿದರು. ಚೆನ್ನಾಗಿದ್ದದ್ದನ್ನು ಕೆಡಿಸಿ ಸೋತರೆ ಅದು ನಿಮ್ಮ ತಲೆಗೇ ಎಂದರು. ಆಗಲಿ ಎಂದೆ. ಮುಂದಿನ ದಿನಗಳಲ್ಲಿ ಗೋಣಿ ಎತ್ತುವ ಮೊದಲು ಪ್ರತಿ ಸಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಂದು ಮೂಲೆಯಲ್ಲಿ ಹಸಿರು ಕಾಣಿಸಿತು, ಆ ಭಾಗವನ್ನು ಕೆರೆದು ತೆಗೆದು ಗಾಳಿ ಆಡಲು ಬಿಟ್ಟೆವು. ಬಿಸಿಲು ಏರತೊಡಗಿದಾಗ ಗೋಣಿಗೆ ದಿನಾ ನೀರು ಚಿಮುಕಿಸಿದೆವು. ಬೂದು ತೇಪೆಗಳು ಒಂದಕ್ಕೊಂದು ಸೇರಿದವು. ಕೊನೆಕೊನೆಗೆ ಮಣ್ಣನ್ನು ಹಿಡಿ ಹಿಡಿದು ಎತ್ತಿದರೆ ಬೇರು ಹಿಡಿದ ಮಣ್ಣಿನಂತೆ ಅದು ಒಟ್ಟಿಗೇ ಎದ್ದು ಬರುತ್ತಿತ್ತು. ಗುಡ್ಡೆಯ ಬದಿಗೆ ಪಟ್ಟೆ ಬೀಸಣಿಗೆಗಳು ಮೂಡಿದವು. ವಿಷ ಉಂಡ ಅಣಬೆಯನ್ನು ಯಾರೂ ಮುಟ್ಟಬಾರದೆಂದು ಎಲ್ಲವನ್ನೂ ಕಿತ್ತು ಗುಡ್ಡೆಯೊಳಗೇ ಹೂತೆವು.

ಒಂದು ಮಧ್ಯಾಹ್ನ ಮೇಸ್ತ್ರಿ ಚಪ್ಪರದ ಕೆಳಗೆ ಮುದ್ದೆಯ ಡಬ್ಬಿ ಬಿಚ್ಚುತ್ತಾ, "ಮೇಡಂ, ಇವತ್ತು ನಂಗೆ ನಮ್ಮ ಸೊಪ್ಪಿನ ಸಾರಿನ ವಾಸ್ನೆ ಬಂತು" ಎಂದರು. ಅಲ್ಲಿಯವರೆಗೆ ಆ ಯಾರ್ಡಿನಲ್ಲಿ ಯಾರಿಗೂ ಊಟದ ವಾಸನೆ ಬಂದಿರಲಿಲ್ಲ. ಯಾವ ಯಂತ್ರದ ವರದಿಗಿಂತಲೂ ಮೊದಲು ನಾನು ನಂಬಿದ್ದು ಆ ಮಾತನ್ನು.

ಯುಗಾದಿಗೆ ಮುಂಚೆ ಪ್ರಯೋಗಾಲಯದ ವರದಿ ಬಂತು. ಕಡಿಮೆ ಉಂಗುರದ ವಿಷಗಳು ಮಿತಿಗಿಂತ ಎಷ್ಟೋ ಕೆಳಗೆ ಇಳಿದಿದ್ದವು. ಹೆಚ್ಚು ಉಂಗುರದವು ಇಳಿದಿದ್ದವು, ಆದರೆ ಅವುಗಳಲ್ಲಿ ಎರಡು ಇನ್ನೂ ಮಿತಿಯ ಮೇಲೇ ನಿಂತಿದ್ದವು. ಎಂಜಿನಿಯರ್ ಆ ಎರಡರ ಕೆಳಗೆ ಕೆಂಪು ಗೆರೆ ಎಳೆದು, ಅದೇ ಹಳೇ ಕಾಗದವನ್ನು ಮತ್ತೆ ತಂದರು.

"ಪೂರ್ತಿ ಆಗ್ಲಿಲ್ವಲ್ಲ ಮೇಡಂ. ಈಗಲಾದ್ರೂ ಸಹಿ ಹಾಕಿ."

"ಆಗಲಿಲ್ಲ ಅಲ್ಲ ಸಾರ್, ಇನ್ನೂ ಆಗ್ತಾ ಇದೆ. ಹೊಟ್ಟೆ ತುಂಬ ಉಂಡವನು ಎಲೆ ಮೇಲೆ ಎರಡು ತುತ್ತು ಬಿಟ್ಟಿದ್ರೆ ಉಪವಾಸ ಇದ್ದ ಅಂತ ಬರೀತೀರಾ?"

ಅವರ ಕಾಗದ ಅವರ ಕೈಯಲ್ಲೇ ಉಳಿಯಿತು. ನಾನು ವರದಿಯನ್ನೂ ಎರಡು ಡಬ್ಬಿ ಮಣ್ಣನ್ನೂ ತೆಗೆದುಕೊಂಡು ನೇರ ಅಧಿಕಾರಿಯ ಮೇಜಿಗೆ ಹೋದೆ. ಒಂದರಲ್ಲಿ ಅಗೆದ ದಿನದ ಮಣ್ಣು, ಇನ್ನೊಂದರಲ್ಲಿ ಈಗಿನದು. ಮೊದಲನೆಯ ಮುಚ್ಚಳ ತೆಗೆದಾಗ ಅವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಎರಡನೆಯದನ್ನು ಮೂಗಿನ ಹತ್ತಿರ ಹಿಡಿದು ಎರಡೆರಡು ಸಲ ಮೂಸಿದರು. ಫಿನಾಯಿಲಿನ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಉಳಿದ ಜಾಗ ಮಾರಿಕೊಳ್ಳಬಹುದು, ಗುಡ್ಡೆಯೂ ಬಾವಿಯೂ ಇರುವ ಮೂಲೆಗೆ ಬೇಲಿ ಹಾಕಿ ಕೆಲಸ ಮುಂದುವರಿಸಬೇಕು, ಒಂದು ಬುಟ್ಟಿ ಮಣ್ಣೂ ಗೇಟು ದಾಟಬಾರದು ಎಂದು ಅವರು ಆದೇಶ ಬರೆದರು. ಯಜಮಾನರು ಗೊಣಗಿದರು, ಬೇಲಿ ಹಾಕಿಸಿದರು. ಗುಡ್ಡೆಗೆ ಹೊಸ ಹುಲ್ಲು ಕೊಟ್ಟು ಮತ್ತೆ ಮುಚ್ಚಿದೆವು. ಆ ಎರಡು ಮೊಂಡು ವಿಷಗಳೂ ನಮ್ಮ ಮೊಂಡು ಅಣಬೆಯೂ ಈಗಲೂ ಹಣಾಹಣಿ ನಡೆಸಿವೆ. ಯಾರು ಗೆಲ್ಲುತ್ತಾರೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಸೋಲು ಬರೆದುಕೊಡುವ ಕೈ ಮಾತ್ರ ನನ್ನದಾಗುವುದಿಲ್ಲ.

ಮಳೆಗಾಲ ಕಳೆದು, ದಸರೆಗೆ ಮುಂಚೆ ಹಿರಿಯರಿಗೆ ಎಡೆಯಿಡುವ ಮಾರ್ನಮಿ ಹಬ್ಬಕ್ಕೆ ಮೇಸ್ತ್ರಿ ನನ್ನನ್ನು ಊರಿಗೆ ಕರೆದರು. ಬಸ್ಸಿಳಿದು ಅವರ ಮನೆಗೆ ಹೋಗುವ ದಾರಿಯಲ್ಲೇ ಆ ಕ್ವಾರಿ. ಗುಂಡಿಯಲ್ಲಿ ಮಳೆ ನೀರು ತಿಳಿಯಾಗಿ ನಿಂತಿತ್ತು, ದಡದ ಈಚಲ ಮರದ ನೆರಳು ಅದರಲ್ಲಿ ಬಿದ್ದಿತ್ತು. ಪಕ್ಕದಲ್ಲಿ ಬೋರಿನ ಸುತ್ತ ಬಿಂದಿಗೆಗಳ ಸಾಲು.

ಜಗುಲಿಯ ಮೇಲೆ ಕೂತೆ. ಮೇಸ್ತ್ರಿ ಬೆಲ್ಲದ ಚೂರಿನ ಜೊತೆ ದೊಡ್ಡ ಹಿತ್ತಾಳೆ ಚೊಂಬಿನಲ್ಲಿ ನೀರು ತಂದುಕೊಟ್ಟು, "ಬೋರಿಂದು ಕಣ್ ಮೇಡಂ" ಎಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಈ ಸಲ ಆಯುಧ ಪೂಜೆಗೆ ಯಾರ್ಡಿನ್ ಫಿನಾಯಿಲ್ ಬಾಟ್ಲಿ ನಿಮ್ ಮನೇಲೇ ಮಡೀಕಳಿ. ನಮ್ ಹೆಣ್ಮಕ್ಳ ಕೈಗೆ ಸಿಕ್ಬುಟ್ರೆ ನಾನ್ ಜವಾಬ್ದಾರಿ ಅಲ್ಲ" ಎಂದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನೀರು ಚೆಲ್ಲಬಾರದೆಂದು ಎರಡೂ ಕೈಯಲ್ಲಿ ಚೊಂಬು ಹಿಡಿದುಕೊಂಡೆ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎಂಜಿನಿಯರ್. ಮೇಸ್ತ್ರಿಯೇ ಅದನ್ನು ಎತ್ತಿ ನನ್ನ ಕಿವಿಗೆ ಹಿಡಿದರು.

"ಮೇಡಂ, ಆ ಮೂಲೆ ಒಂದು ಬಾಕಿ ಉಳಿದುಬಿಟ್ಟಿದೆ. ನಿಮ್ಮದೊಂದು ಸಹಿ ಆದ್ರೆ ನಾಳೆನೇ ಲಾರಿ ಕಳಿಸಿ ಮುಗಿಸ್ಬಿಡ್ತೀನಿ. ಎಲ್ಲಿದೀರಾ, ಕಾಗದ ಅಲ್ಲಿಗೇ ತರ್ತೀನಿ."

ಒಂದು ಗುಟುಕು ಕುಡಿದೆ. ನೀರಿಗೆ ನೀರಿನ ರುಚಿ ಬಿಟ್ಟು ಬೇರೇನೂ ಇರಲಿಲ್ಲ.

"ನಿಮ್ಮ ಗುಂಡಿ ಪಕ್ಕದಲ್ಲೇ ಇದೀನಿ, ಬನ್ನಿ ಸಾರ್. ಆದ್ರೆ ಸಹಿ ಆಗಲ್ಲ. ಎರಡೂ ಕೈಯಲ್ಲಿ ಚೊಂಬು ಹಿಡ್ಕೊಂಡಿದೀನಿ."